ಬೇಡಪ್ಪನ ಮನೆಗೆ ಬಾಗಿಲು

ಏಳು ಗುಡ್ಡಗಳ ಮೇಲೂ ಅವುಗಳ ನಡುವಿನ ತಗ್ಗಿನಲ್ಲೂ ಹರಡಿಕೊಂಡ ಒಂದು ಊರಿತ್ತು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೊರಟುಬಿಡುತ್ತೀರಿ, ಅಲ್ಲಿಗೆ ಹೋಗಿಬಂದವರು ಯಾರೂ ಇವತ್ತಿನವರೆಗೆ ದಾರಿಯನ್ನು ನೆಟ್ಟಗೆ ಹೇಳಿದ್ದಿಲ್ಲ. ಆ ಊರಿನಲ್ಲಿ ಎಲ್ಲ ಮನೆಗಳಿಗೂ ಬಾಗಿಲಿತ್ತು. ದನದ ಕೊಟ್ಟಿಗೆಗಿತ್ತು, ಕೋಳಿಗೂಡಿಗಿತ್ತು. ಒಂದೇ ಒಂದು ಮನೆಗೆ ಇರಲಿಲ್ಲ. ಆ ಮನೆಯಲ್ಲಿ ಬೇಡಪ್ಪ ಇರುತ್ತಿದ್ದ.

ಬೇಡಪ್ಪ ಅಂದರೆ ಹೆಸರಲ್ಲ, ಹುದ್ದೆ. ಅದರ ಹಿಂದೆ ಒಂದು ಕಥೆಯಿದೆ, ಚುಟುಕಾಗಿ ಹೇಳಿ ಮುಗಿಸುತ್ತೇನೆ. ಆ ಊರಿಗೆ ಹಿಂದೆ ಒಬ್ಬ ಅರಸನಿದ್ದನಂತೆ. ಅವನ ಉಪಟಳ ತಾಳಲಾರದೆ ಜನ ಅವನನ್ನು ಹೊಳೆ ದಾಟಿಸಿ ಓಡಿಸಿದರು. ಅಂದಿನಿಂದ ಅರಸ ಎಂಬ ಮಾತನ್ನು ಮಕ್ಕಳ ಆಟದಲ್ಲೂ ಆಡಬಾರದೆಂದು ಕಟ್ಟಳೆಯಾಯಿತು. ಆಳ್ವಿಕೆ ಗುಡ್ಡದ ಮೇಲಿನ ಹಿರಿಯರ ಕೈಗೆ ಬಂತು. ಅವರು ಕೆಂಪಂಚಿನ ಬಿಳಿ ಹೊದಿಕೆ ಹೊದ್ದು ಕಲ್ಲಿನ ಸಭಾಮನೆಯಲ್ಲಿ ಕೂರುವವರು. ವರ್ಷಕ್ಕೆ ಇಬ್ಬರು ಒಡೆಯರನ್ನು ಆರಿಸುವವರು. ಒಬ್ಬ ಎಡವಿದರೆ ಇನ್ನೊಬ್ಬ ಹಿಡಿದುಕೊಳ್ಳಲಿ ಎಂಬುದು ಅವರ ಎಣಿಕೆ. ಇಬ್ಬರೂ ಕೂಡಿ ತಗ್ಗಿನವರ ಮೇಲೇ ಎಡವಿಬಿದ್ದರೆ ಗತಿಯೇನೆಂದು ಯಾರೂ ಯೋಚಿಸಿರಲಿಲ್ಲ. ಹಾಗೆ ಬೀಳುವುದು ವರ್ಷವರ್ಷವೂ ನಡೆಯಿತು.

ಕಡೆಗೊಂದು ಬೆಳಗ್ಗೆ ತಗ್ಗಿನವರೆಲ್ಲ ಗಡಿಗೆ ಮಡಕೆ ಹೊತ್ತು, ಒಂದು ಮಾತೂ ಆಡದೆ, ಊರಾಚೆಯ ಬೋಳುಗುಡ್ಡ ಹತ್ತಿ ಕುಳಿತುಬಿಟ್ಟರು. ಊರಿನಲ್ಲಿ ರೊಟ್ಟಿ ಬೇಯಲಿಲ್ಲ, ಬಟ್ಟೆ ಮಡಿಯಾಗಲಿಲ್ಲ, ದೋಣಿ ಕದಲಲಿಲ್ಲ. ಏಳನೆಯ ದಿನ ಮಾಸಿದ ಹೊದಿಕೆಯಲ್ಲಿ ಹಿರಿಯರು ಏದುಸಿರು ಬಿಡುತ್ತ ಮೇಲೆ ಬಂದರು.

"ನಿಮಗೆ ಏನು ಬೇಕು, ಕೇಳಿ" ಅಂದರು.

"ಬೇಡ ಅನ್ನೋನು ಒಬ್ಬ ಬೇಕು" ಅಂದರು ತಗ್ಗಿನವರು.

ಅಂದಿನಿಂದ ಸಭಾಮನೆಯ ಮೆಟ್ಟಿಲ ಕೆಳಗೆ ಒಂದು ಮರದ ಬೆಂಚು ಬಂತು. ತಗ್ಗಿನವರು ಆರಿಸಿದ ಒಬ್ಬ ಅದರ ಮೇಲೆ ಕೂರುತ್ತಿದ್ದ. ಒಳಗೆ ಹೋಗುವ ಹಾಗಿರಲಿಲ್ಲ. ಹಿರಿಯರ ಆಜ್ಞೆಯನ್ನು ಬಿಳಿ ಹಲಗೆಯ ಮೇಲೆ ಬರೆದು ಹೊರಗೆ ತರುತ್ತಿದ್ದರು, ಸಾರುವವನು ಮೂರು ದಿನ ಮೂರು ಮಧ್ಯಾಹ್ನ ಅದನ್ನು ಓದುತ್ತಿದ್ದ. ಬೆಂಚಿನ ಮೇಲಿದ್ದವನು ಬಲಗೈ ಎತ್ತಿ, ಅಂಗೈ ತೋರಿಸಿ, ಬೇಡ ಅಂದರೆ ಸಾಕು, ಹಲಗೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಕಳಚಿ ಇರುವೆಗಳಂತೆ ಸಾಲುಗಟ್ಟಿ ಮೆಟ್ಟಿಲಿಳಿದು ಕಲ್ಲಿನ ಸಂದಿಯೊಳಗೆ ಹೋಗಿಬಿಡುತ್ತಿದ್ದವು. ಹಲಗೆ ಬೋಳಾಗುತ್ತಿತ್ತು. ಮೂರನೆಯ ಓದು ಮುಗಿಯುವವರೆಗೂ ಅವನು ಬೇಡ ಅನ್ನದಿದ್ದರೆ ಅಕ್ಷರ ಹಲಗೆಗೆ ಕಚ್ಚಿಕೊಳ್ಳುತ್ತಿತ್ತು, ಆಮೇಲೆ ಉಳಿಯಿಂದ ಕೆತ್ತಿದರೂ ಬಿಡುತ್ತಿರಲಿಲ್ಲ.

ಆ ಬೋಳುಗುಡ್ಡದ ಮೇಲೇ ತಗ್ಗಿನವರು ತಮಗೆ ತಾವೇ ಇನ್ನೊಂದು ಕಟ್ಟಳೆ ಹಾಕಿಕೊಂಡು ಇಳಿದಿದ್ದರು. ಬೇಡಪ್ಪನ ಮನೆಗೆ ಬಾಗಿಲಿರಕೂಡದು. ಯಾರು ಬಂದರೂ, ಯಾವ ಹೊತ್ತಿಗೆ ಬಂದರೂ, ನೆಟ್ಟಗೆ ಒಳಗೆ ಬಂದು ನಿಲ್ಲುವ ಹಾಗಿರಬೇಕು. ಯಾಕೆ ಅಂತ ಮುದುಕರನ್ನು ಕೇಳಿದರೆ, "ಹಾಗೇ, ಮೊದಲಿಂದ ಬಂದದ್ದು" ಅನ್ನುತ್ತಿದ್ದರು. ಕಟ್ಟಳೆ ಉಳಿದಿತ್ತು, ಕಾರಣ ಮರೆತುಹೋಗಿತ್ತು. ನಮ್ಮಲ್ಲೂ ಎಷ್ಟೋ ಸಂಗತಿ ಹೀಗೇ.

ಇದಿಷ್ಟೂ ಹಿಂದಿನ ಮಾತು. ನಾನು ಹೇಳಹೊರಟದ್ದು ಒಬ್ಬ ಬೇಡಪ್ಪನ ಹೆಂಡತಿಯ ವಿಷಯ.

ಅವಳಿಗೆ ಆ ಮನೆಯೆಂದರೆ ಆಗುತ್ತಿರಲಿಲ್ಲ. ಗಂಡನನ್ನು ಆರಿಸಿದ ದಿನ ಊರೆಲ್ಲ ಹೂವು ಎರಚಿತು, ಅವಳು ಮಾತ್ರ ಚೌಕಟ್ಟಿನ ಬರಿದು ಬಾಯನ್ನೇ ನೋಡುತ್ತ ನಿಂತಳು. ಗಾಳಿ ಬರುತ್ತಿತ್ತು, ಧೂಳು ಬರುತ್ತಿತ್ತು, ಬೀದಿನಾಯಿ ಬಂದು ಒಲೆಯ ಪಕ್ಕ ಮಲಗುತ್ತಿತ್ತು. ಅವುಗಳ ಹಿಂದೆಯೇ ಜನ. ಕೋಳಿ ಕಳಕೊಂಡವಳು, ಗಂಡನಿಂದ ಏಟು ತಿಂದವಳು, ಬದುವಿನ ಜಗಳದವನು, ಏನೂ ಇಲ್ಲದೆ ಸುಮ್ಮನೆ ಬಂದವನು. ತಲೆ ಬಾಚುವಾಗ ಬಂದರು, ಊಟಕ್ಕೆ ಕೂತಾಗ ಬಂದರು, ಜ್ವರ ಬಂದು ಮಲಗಿದಾಗ ಬಂದು ಕಾಲ ಹತ್ತಿರ ಕೂತು ತಮ್ಮ ಜ್ವರದ ಕಥೆ ಹೇಳಿದರು. ಗಂಡನ ಜೊತೆ ಜಗಳವಾಡಬೇಕೆಂದರೂ ಕಣ್ಣಲ್ಲೇ ಆಡಬೇಕಿತ್ತು. ಅತ್ತರೆ ಬೀದಿಗೆ ಕಾಣುತ್ತಿತ್ತು.

"ಒಂದು ಚಾಪೆನಾದ್ರೂ ಇಳಿಬಿಡೋಣ" ಎಂದು ಅವಳು ಗಂಡನಿಗೆ ಹೇಳಿದಳು.

"ಒಂದು ವರ್ಷ ಕಣೇ" ಅಂದ ಅವನು. "ವರ್ಷ ಕಳೆದರೆ ನಮ್ಮ ಮನೆಗೆ ಹೋಗ್ತೀವಿ. ಅಲ್ಲಿ ಎರಡು ಬಾಗಿಲು ಹಾಕಿಸ್ಕೊಡ್ತೀನಿ, ಒಂದರ ಹಿಂದೆ ಒಂದು."

ಅವನು ಒಳ್ಳೆಯವನೇ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿ ನೀವು ಅವನನ್ನು ಬೈಯಲು ಶುರುಮಾಡುತ್ತೀರಿ. ಬಂದವರ ಮಾತನ್ನು ಅವನು ಕೊನೆಯವರೆಗೆ ಕೇಳುತ್ತಿದ್ದ. ಅರ್ಧ ತಿಂದ ರೊಟ್ಟಿ ಕೈಯಲ್ಲೇ ಒಣಗುತ್ತಿತ್ತು. ಮರುದಿನ ಬೆಂಚಿನ ಮೇಲೆ ಕೂತು ಅವನು ಕೈ ಎತ್ತಿದಾಗ ಆ ಕೋಳಿಯೂ ಆ ಏಟೂ ಆ ಬದುವೂ ಆ ಅಂಗೈಯಲ್ಲಿ ಇರುತ್ತಿದ್ದವು.

ಆ ವರ್ಷ ಹಿರಿಯರ ಕಣ್ಣು ಹೊಳೆಯಾಚೆಯ ಬಯಲಿನ ಮೇಲೆ ಬಿತ್ತು. ಬಯಲು ಊರೆಲ್ಲರದ್ದು. ತಗ್ಗಿನವರ ದನ ಅಲ್ಲಿ ಮೇಯುತ್ತಿದ್ದವು, ಅಗಸರು ಅಲ್ಲೇ ಬಟ್ಟೆ ಹರವುತ್ತಿದ್ದರು, ನೆಲವಿಲ್ಲದವರು ಅಲ್ಲೇ ಒಂದಿಷ್ಟು ಕಾಳು ಬಿತ್ತಿಕೊಳ್ಳುತ್ತಿದ್ದರು. ಬಯಲು ಹೋದರೆ ತಗ್ಗಿನಲ್ಲಿ ಅರ್ಧ ಒಲೆ ಆರುತ್ತಿದ್ದವು. ಬಯಲನ್ನು ಗುಡ್ಡದ ಮನೆಗಳಿಗೆ ಹಂಚತಕ್ಕದ್ದು ಎಂದು ಹಲಗೆ ಬಂತು. ಬೇಡಪ್ಪ ಕೈ ಎತ್ತಿದ, ಅಕ್ಷರ ಇಳಿದು ಹೋದವು. ಮುಂದಿನ ತಿಂಗಳು ಅದೇ ಆಜ್ಞೆ ಬೇರೆ ಮಾತು ಉಟ್ಟುಕೊಂಡು ಬಂತು. ಅವನು ಕೈ ಎತ್ತಿದ. ಮತ್ತೆ ಬಂತು, ಮತ್ತೆ ಎತ್ತಿದ. ಮೆಟ್ಟಿಲ ಸಂದಿಯೊಳಗೆ ಅಕ್ಷರ ತುಂಬಿ, ಕಿವಿಯಿಟ್ಟರೆ ಗುಜುಗುಜು ಕೇಳಿಸುತ್ತಿತ್ತು.

ಆಮೇಲೊಂದು ಮಧ್ಯಾಹ್ನ, ಗಾಳಿಯೇ ಇಲ್ಲದ ಹೊತ್ತಿನಲ್ಲಿ, ಸಭಾಮನೆಯ ಮಾಡಿನಿಂದ ಒಂದು ಹೆಂಚು ಜಾರಿ ಬೇಡಪ್ಪನ ಮೊಣಕೈ ಸವರಿಕೊಂಡು ಬಿತ್ತು. ಬೆಂಚು ಎರಡು ಹೋಳಾಯಿತು. ಹಿರಿಯರು ಹೊರಗೆ ಬಂದು ಅಯ್ಯೋ ಪಾಪ ಅಂದರು, ಬೇರೆ ಬೆಂಚು ಹಾಕಿಸಿದರು.

ತಗ್ಗಿನವರಿಗೆ ಎದೆ ಒಡೆದುಹೋಯಿತು. ಅವನ ಮೇಲೆ ಅವರಿಗೆ ಪ್ರಾಣ. ಆ ಸಂಜೆಯೇ ಅಂಬಿಗನೂ ಕುಂಬಾರನೂ ಮುಂದಾಗಿ, ಹಿಂದೆ ಬೀದಿಗೆ ಬೀದಿಯೇ ಕೂಡಿ, ಆ ಮನೆಯೊಳಗೆ ತುಂಬಿಕೊಂಡರು.

"ಇವತ್ತು ಹೆಂಚು, ನಾಳೆ ಕತ್ತಿ" ಅಂದ ಅಂಬಿಗ. "ಅದೂ ಈ ಮನೆ ನೋಡು, ಬಾಯಿ ಬಿಟ್ಕೊಂಡು ಕೂತದೆ. ಯಾವನಾದರೂ ನುಗ್ಗಿದ್ರೆ?"

"ಬಾಗಿಲು ಹಾಕಿಸೋಣ" ಅಂದ ಕುಂಬಾರ. "ಅವನು ಉಳಿದ್ರೆ ತಾನೆ ಬೇಡ ಅನ್ನೋದು?"

ಹೌದಲ್ಲ ಅಂದರು ಎಲ್ಲರೂ. ಕಟ್ಟಳೆ ಮುರಿಯುತ್ತದಲ್ಲ ಎಂದು ಒಬ್ಬ ಮುದುಕ ಗೊಣಗಿದ. "ಕಟ್ಟಳೆ ಹಾಕಿದ್ದೂ ನಾವೇ, ಮುರಿಯೋದೂ ನಾವೇ, ಗುಡ್ಡದೋರ ಅಪ್ಪಣೆ ಬೇಕಾ?" ಎಂದು ಅವನ ಬಾಯಿ ಮುಚ್ಚಿಸಿದರು. ಬೇಡಪ್ಪ ತಲೆ ತಗ್ಗಿಸಿ ಮೊಣಕೈಯ ಗಾಯ ನೋಡುತ್ತಿದ್ದ. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಗ ಅಂಬಿಗ ಅವಳ ಕಡೆ ತಿರುಗಿದ.

"ಮನೆ ನಿಂದು ತಾಯಿ. ನೀನು ಹೂಂ ಅಂದ್ರೆ ಆಯ್ತು."

"ಹೂಂ" ಅಂದಳು ಅವಳು. ಒಂದು ಕ್ಷಣವೂ ತಡಮಾಡಲಿಲ್ಲ.

ಬಡಗಿ ಮೂರು ದಿನದಲ್ಲಿ ಬಾಗಿಲು ತಂದ. ಊರಿನ ಯಾವ ಮನೆಗೂ ಅಂಥದ್ದಿರಲಿಲ್ಲ. ತಗ್ಗಿನವರು ಒಬ್ಬೊಬ್ಬರು ಒಂದೊಂದು ಹಲಗೆ ಕೊಟ್ಟಿದ್ದರು, ಅಂಬಿಗ ತನ್ನ ಹಳೆಯ ದೋಣಿಯನ್ನೇ ಒಡೆದು ಕೊಟ್ಟಿದ್ದ. ಕೀಲಿಗೆ ಎಣ್ಣೆ ಬಿಟ್ಟರು, ಹೊಸ್ತಿಲಿಗೆ ಹಿಟ್ಟಿನ ರೇಖೆ ಎಳೆದರು, ಮಕ್ಕಳಿಂದ ಮುಟ್ಟಿಸಿದರು. ಕತ್ತಲಾಗುವ ಮೊದಲು ಎಲ್ಲರೂ ಹೊರಗೆ ಹೋಗಿ, "ಹಾಕ್ಕೋ ತಾಯಿ" ಅಂದರು. ಅವಳು ಅಗಳಿ ಜಾರಿಸಿದಳು. ಮನೆಯೊಳಗೆ ಅವಳ ಉಸಿರು ಅವಳಿಗೇ ಮೊದಲ ಸಲ ಕೇಳಿಸಿತು. ಸುಖವೆಂದರೆ ಇದೇ ಅನ್ನಿಸಿತು. ಅವಳು ಅಂದು ಗೋಡೆಗೆ ಬೆನ್ನು ಹಚ್ಚದೆ, ಕೈಕಾಲು ಚಾಚಿ ಮಲಗಿದಳು.

ಮೊದಮೊದಲು ಬಾಗಿಲು ಅರೆತೆರೆದೇ ಇರುತ್ತಿತ್ತು. ಜನ ಬಂದು ಮೆಲ್ಲಗೆ ತಟ್ಟುತ್ತಿದ್ದರು, ತಟ್ಟಿ ಅಭ್ಯಾಸವಿಲ್ಲದೆ ನಾಚಿಕೊಳ್ಳುತ್ತಿದ್ದರು. ಆಮೇಲೆ ಅಂಬಿಗನೂ ಕುಂಬಾರನೂ ದೊಣ್ಣೆ ಹಿಡಿದು ಎರಡು ಪಕ್ಕ ನಿಂತರು. ಸಂಬಳಕ್ಕಲ್ಲ, ಪ್ರೀತಿಗೆ. ಪ್ರೀತಿಯ ಕಾವಲು ಇನ್ನೂ ಬಿಗಿ. "ಈಗ ಊಟದ ಹೊತ್ತು" ಅನ್ನುತ್ತಿದ್ದರು. "ಈಗಷ್ಟೇ ಕಣ್ಣು ಮುಚ್ಚಿದಾನೆ, ಪಾಪ, ನಾಳೆ ಬಾ" ಅನ್ನುತ್ತಿದ್ದರು. ಕೋಳಿ ಕಳಕೊಂಡವಳು ಇಷ್ಟಕ್ಕೆಲ್ಲ ಅವನಿಗೇಕೆ ತೊಂದರೆ ಎಂದುಕೊಂಡು ಬರುವುದನ್ನೇ ಬಿಟ್ಟಳು. ಸುಮ್ಮನೆ ಬರುತ್ತಿದ್ದವನು ಎಲ್ಲರಿಗಿಂತ ಮೊದಲೇ ಬಿಟ್ಟಿದ್ದ. ವರ್ಷ ಮುಗಿಯಿತು. ಇಂಥವನನ್ನು ಬಿಟ್ಟುಕೊಡುವುದುಂಟೇ ಎಂದು ತಗ್ಗಿನವರು ಇನ್ನೊಂದು ವರ್ಷಕ್ಕೆ ಅವನನ್ನೇ ಆರಿಸಿದರು. ಅದರ ಮುಂದಿನ ವರ್ಷಕ್ಕೂ ಅವನನ್ನೇ. ಹಾಗೆ ಹಿಂದೆಂದೂ ಆಗಿರಲಿಲ್ಲ, ಆದರೆ ಅಂಥ ಬಾಗಿಲೂ ಹಿಂದೆಂದೂ ಇರಲಿಲ್ಲ.

ಒಂದು ದಿನ ಹಿರಿಯರಲ್ಲೆಲ್ಲ ಅತಿ ಹಿರಿಯನಾದವನು ತಗ್ಗಿಗೆ ಇಳಿದುಬಂದ. ಗುಡ್ಡದವರು ಯಾರೂ ಆ ಮನೆಗೆ ಕಾಲಿಟ್ಟಿರಲಿಲ್ಲ. ಬಾಗಿಲಿಲ್ಲದ ಮನೆಗೆ ಮರ್ಯಾದಸ್ಥರು ಹೋಗುವುದು ಹೇಗೆ ಎಂಬುದು ಅವರ ತಕರಾರಾಗಿತ್ತು. ಈಗ ಅವನು ಬೆರಳ ಗೆಣ್ಣಿನಿಂದ ಹದವಾಗಿ ತಟ್ಟಿದ. ಒಳಗೆ ಬಂದವನೇ ತಿರುಗಿ ಕದದ ಮೇಲೆ ಅಂಗೈ ಆಡಿಸಿದ.

"ಒಳ್ಳೆಯ ಮರ" ಅಂದ. "ನಾವು ಮಾಡಿಸಿಕೊಟ್ಟಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ."

ಬೇಡಪ್ಪನ ಹೆಂಡತಿ ಅವನಿಗೆ ನೀರು ಕೊಟ್ಟಳು. ಅವನು ತುಂಬ ನಯವಾಗಿ ಮಾತಾಡಿದ. ಬಿಸಿಲಲ್ಲಿ ಬೆಂಚಿನ ಮೇಲೆ ಕೂರುವ ಕಷ್ಟ ಯಾಕೆ, ಆಜ್ಞೆಗಳನ್ನು ನಾವೇ ಇಲ್ಲಿಗೆ ತರುತ್ತೇವೆ, ನಿಮಗೆ ಹಿಡಿಸದ ಮಾತನ್ನು ಇಲ್ಲೇ ತಿದ್ದೋಣ, ಅಕ್ಷರ ಕಳಚುವ ರಂಪ ನಾಲ್ಕು ಜನರೆದುರು ಯಾರಿಗೆ ಚಂದ ಅಂದ. ಬೇಡಪ್ಪನಿಗೆ ಹೌದೆನ್ನಿಸಿತು. ಅವನೂ ದಣಿದಿದ್ದ. ಅಂದಿನಿಂದ ಬೆಂಚು ಖಾಲಿಯಾಯಿತು. ಹಲಗೆಗಳು ಒಳಗೇ ಬಂದವು, ಒಳಗೇ ಒಂದೆರಡು ಮಾತು ಬದಲಾಗಿ ಹೋದವು. ಅವನು ಕೈ ಎತ್ತಬೇಕಾದ ಸಂದರ್ಭವೇ ಬರಲಿಲ್ಲ. ಅವನ ಭಯಕ್ಕೆ ಹಿರಿಯರು ತೆಪ್ಪಗಾಗಿದ್ದಾರೆ ಎಂದು ತಗ್ಗಿನವರು ಬೀಗಿದರು.

ಮೂರನೆಯ ವರ್ಷದ ಬೇಸಗೆಯಲ್ಲಿ ಅತಿ ಹಿರಿಯ ಮತ್ತೆ ಬಂದು ಬಯಲಿನ ಮಾತೆತ್ತಿದ.

"ಹಂಚುವ ಮಾತೇ ಇಲ್ಲ" ಅಂದ. "ಒಂದು ಬೇಲಿ, ಅಷ್ಟೇ. ನಿಮಗೆ ಈ ಬಾಗಿಲು ಇದ್ದ ಹಾಗೆ ಬಯಲಿಗೆ ಒಂದು ಬೇಲಿ. ಕಾವಲಿದ್ದರೆ ಕಳ್ಳರ ಕಾಟ ತಪ್ಪುತ್ತದೆ. ನೀವೇನೂ ಬರುವುದು ಬೇಡ, ಓದುವ ಮೂರು ದಿನ ಮನೆಯಲ್ಲೇ ಸುಖವಾಗಿರಿ."

ಬೇಡಪ್ಪ ಬಾಗಿಲನ್ನು ನೋಡಿದ. ಅದರಿಂದ ಯಾರಿಗೆ ಕೆಡುಕಾಗಿದೆ ಎಂದು ಅವನಿಗೆ ಹೊಳೆಯಲಿಲ್ಲ. ಆಗಲಿ ಅಂದ.

ಮೊದಲನೆಯ ದಿನ, ಮಧ್ಯಾಹ್ನದ ಓದು ಮುಗಿದ ಕೊಂಬು ಕೂಗಿದ ಮೇಲೆ, ಬಾಗಿಲ ಹೊರಗೆ ಒಂದು ಧ್ವನಿ ಎದ್ದಿತು. ಅದು ಮುದುಕಿ ಅಗಸಗಿತ್ತಿಯದು. ಬಾಗಿಲಿಲ್ಲದ ಕಾಲದಲ್ಲಿ ಅವಳು ಒಗೆದ ಬಟ್ಟೆಯ ಗಂಟನ್ನು ಈ ಮನೆಯಲ್ಲಿಳಿಸಿ ದಣಿವಾರಿಸಿಕೊಂಡು ಹೋಗುತ್ತಿದ್ದವಳು.

"ಬೇಡಪ್ಪಾ, ಬಯಲಿಗೆ ಗೂಟ ಹೊಡೀತಾವ್ರೆ! ಗುಡ್ಡದೋರ ಆಳುಗಳು! ಒಬ್ಬೊಬ್ಬರ ಪಾಲಿಗೆ ಗುರುತು ಹಾಕ್ತಾವ್ರೆ! ಬಂದು ಕೈ ಎತ್ತು ಬಾರಪ್ಪಾ!"

"ಮಲಗಿದಾನೆ" ಅಂದ ಹೊರಗಿನಿಂದ ಅಂಬಿಗ. "ಅವನಿಗೆ ಗೊತ್ತಿರದ್ದು ನಿಂಗೆ ಗೊತ್ತಾ?"

ಬೇಡಪ್ಪ ಮಲಗಿರಲಿಲ್ಲ. ಒಳಗೆ ಮಣೆಯ ಮೇಲೆ ಕೂತಿದ್ದ. ಅವನ ಹೆಂಡತಿ ಅವನ ಮುಖ ನೋಡಿದಳು. "ಬೇಲಿಯ ಗೂಟ ಇರಬೇಕು" ಎಂದ ಅವನು ಗೋಡೆಯ ಕಡೆ ತಿರುಗಿ.

ಎರಡನೆಯ ದಿನ ಆ ಧ್ವನಿ ಕೂಗಲಿಲ್ಲ, ಬೇಡಿಕೊಂಡಿತು. ಬಾಗಿಲ ಬುಡದಿಂದ, ಕೂತಲ್ಲಿಂದಲೇ ಬರುತ್ತಿತ್ತು. ಬಟ್ಟೆ ಹರವಲು ಕಲ್ಲುಬಂಡೆಯೂ ಉಳಿದಿಲ್ಲವೆಂದಿತು, ನಾಳೆ ಮೂರನೆಯ ಓದು ಎಂದಿತು. ಬೇಡಪ್ಪನ ಹೆಂಡತಿ ತಟ್ಟೆಯನ್ನು ಬದಿಗೆ ಸರಿಸಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಬ್ಬಳು ಅಳುತ್ತಿದ್ದಳು, ನಡುವೆ ತಾನು ಬಯಸಿ ಪಡೆದ ಮರವಿತ್ತು. ಅವಳಿಗೆ ನಾಚಿಕೆಯಾಯಿತು. ಆದರೂ ಅವಳು ಏಳಲಿಲ್ಲ. ನಾಳೆ ಗಂಡನೇ ಎದ್ದಾನು ಎಂದುಕೊಂಡಳು.

ಮೂರನೆಯ ದಿನ ಗಂಡ ಏಳಲಿಲ್ಲ. ಕೊಂಬು ಕೂಗಿತು. ಸ್ವಲ್ಪ ಹೊತ್ತಿನ ಮೇಲೆ ಹೊರಗಿನ ಧ್ವನಿ ಮತ್ತೆ ಕೇಳಿಸಿತು. ಆದರೆ ಬಯಲು, ಗೂಟ, ಓದು ಯಾವುದೂ ಅದರಲ್ಲಿರಲಿಲ್ಲ. "ತಾಯೀ... ತಾಯೀ..." ಅಂತ ಅಷ್ಟೇ ಕರೆಯುತ್ತಿತ್ತು, ಬಾವಿಯೊಳಕ್ಕೆ ಬಗ್ಗಿ ಕರೆದ ಹಾಗೆ.

ಬೇಡಪ್ಪನ ಹೆಂಡತಿ ಎದ್ದಳು. ಬಾಗಿಲ ಹತ್ತಿರ ಹೋಗಿ ಅಗಳಿಗೆ ಕೈ ಹಾಕಿದಳು.

ಗಂಡನೂ ಎದ್ದು ನಿಂತಿದ್ದ. ಈಗ ತೆರೆದರೆ ಜನ ನುಗ್ಗುತ್ತಾರೆ, ಮುಖ ತೋರಿಸುವುದು ಹೇಗೆ ಎಂಬ ಅಳುಕು ಅವನಿಗೆ. ಅವನ ಬಲಗೈ ತಾನಾಗಿ ಮೇಲೆ ಹೋಯಿತು. ಅಂಗೈ ಅವಳ ಕಡೆ ತಿರುಗಿತು.

"ಬೇಡ" ಅಂದ.

ಎರಡು ವರ್ಷದ ಮೇಲೆ ಆ ಮಾತು ಆ ಬಾಯಿಂದ ಬಂದಿತ್ತು. ಅದನ್ನು ಕೇಳಿ ಒಡೆಯರ ನಾಲಿಗೆ ನಿಂತದ್ದನ್ನೂ ಅಕ್ಷರ ಕಳಚಿದ್ದನ್ನೂ ಅವಳು ಕಣ್ಣಾರೆ ನೋಡಿದ್ದಳು. ಅವಳ ಕೈ ಅಗಳಿಯ ಮೇಲೆ ಹಾಗೇ ನಿಂತುಬಿಟ್ಟಿತು. ಒಂದು ಉಸಿರಿನಷ್ಟು ಹೊತ್ತು ಅವಳು ಅದನ್ನು ಕದಲಿಸಲು ಹೋಗಲೇ ಇಲ್ಲ, ಕದಲುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಆಮೇಲೆ ಸುಮ್ಮನೆ, ನೋಡೋಣವೆಂದು, ಕಿರುಬೆರಳು ಆಡಿಸಿದಳು. ಆಡಿತು. ಉಂಗುರದ ಬೆರಳು ಆಡಿತು. ಅಗಳಿ ಅರ್ಧ ಸರಿಯಿತು.

ಇಬ್ಬರೂ ಅದನ್ನೇ ನೋಡಿದರು.

ಅವನು ತನ್ನ ಅಂಗೈಯನ್ನು ಕಣ್ಣ ಹತ್ತಿರ ತಂದು, ತಿರುಗಿಸಿ, ಮತ್ತೆ ನೋಡಿಕೊಂಡ. ಮೆಲ್ಲಗೆ, ಹೊರಗಿನವರಿಗೆ ಕೇಳಿಸಬಾರದೆಂಬಂತೆ ಕೇಳಿದ.

"ಯಾವಾಗಿಂದ?"

"ನಾನು ಹೂಂ ಅಂದ ದಿನದಿಂದ" ಅಂದಳು ಅವಳು. ಅಗಳಿಯನ್ನು ಪೂರ್ತಿ ಎಳೆದಳು.

ಅಗಸಗಿತ್ತಿ ಕದಕ್ಕೆ ಬೆನ್ನು ಕೊಟ್ಟು ಕೂತಿದ್ದವಳು, ಕದ ಸರಿದದ್ದೇ ತಡ ಹಿಮ್ಮುಖವಾಗಿ ಉರುಳಿ ಅವಳ ಕಾಲ ಮೇಲೆ ಬಿದ್ದಳು. ಅಂಬಿಗ, ಕುಂಬಾರ ದೊಣ್ಣೆ ಎತ್ತಿದವರು ಇಳಿಸುವುದನ್ನು ಮರೆತು ನಿಂತರು. ಬೇಡಪ್ಪನ ಹೆಂಡತಿ ನೆಲಕ್ಕೆ ಕೂತು ಮುದುಕಿಯ ತಲೆಯನ್ನು ತೊಡೆಗೇರಿಸಿಕೊಂಡಳು.

"ಬಯಲು?" ಅಂತ ಕೇಳಿದಳು.

"ಹೋಯ್ತು ತಾಯಿ. ಓದಿ ಮುಗಿಸಿದ್ರು. ಅಕ್ಷರ ಕಚ್ಕೊಂಡ್ವು, ನಾನೇ ನೋಡ್ಕೊಂಡು ಬಂದೆ."

"ಮತ್ತೆ ಯಾಕವ್ವಾ ಕರೀತಿದ್ದೆ? ಇನ್ನು ನಮ್ಮಿಂದ ಏನಾಗ್ಬೇಕು?"

ಮುದುಕಿ ಮಲಗಿದಲ್ಲಿಂದಲೇ ಅವಳ ಮುಖವನ್ನೂ, ಅದರ ಹಿಂದೆ ನಿಂತ ಅವನ ಮುಖವನ್ನೂ ನೋಡಿದಳು. ನೀರಲ್ಲಿ ನೆಂದು ಸುಕ್ಕುಗಟ್ಟಿದ ಕೈಯಿಂದ ಅವಳ ಗಲ್ಲ ಮುಟ್ಟಿದಳು.

"ಮೂರು ದಿನ ಕರೆದೆ, ಒಳಗಿಂದ ಒಂದು ಸದ್ದಿಲ್ಲ" ಅಂದಳು. "ಬಯಲು ಹಾಳಾಗೋಗ್ಲಿ, ನಿಮಗೇನಾಯ್ತೋ ಅಂತ ಹೆದರಿಕೆ ಆಯ್ತು ತಾಯಿ."

ಬೇಡಪ್ಪನ ಹೆಂಡತಿ ಅವಳ ಕೈಯನ್ನು ಹಿಡಿದುಕೊಂಡೇ ಕೂತಳು. ಬೇಡಪ್ಪ ಇಬ್ಬರನ್ನೂ ದಾಟಿ ಹೋಗಿ ಬಾಗಿಲನ್ನು ಎರಡು ಕೈಯಲ್ಲಿ ಅಪ್ಪಿ ಹಿಡಿದು ಮೇಲಕ್ಕೆತ್ತಿದ. ಅದು ಭಾರವಿತ್ತು, ಒಬ್ಬನಿಂದ ಕೀಲು ಬಿಡುವಂತಿರಲಿಲ್ಲ. ಅವನು ಅಂಬಿಗನ ಕಡೆ ನೋಡಿದ.

"ಆ ಕಡೆ ನೀನು ಹಿಡಿ" ಅಂದ.